ಅಪ್ಪನ ಚಿತ್ರದ ಕೆಂಪು ಪ್ರಿಂಟ್‌ನಲ್ಲಿ ಇಟ್ಟಿಗೆ ಬಣ್ಣ ಯಾಕಾಯಿತು?

ಓದುಗರ ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಕುಂಬಳೆ ಹತ್ತಿರ, ಅಡಿಕೆ ತೋಟದ ನಡುವಿನ ಹಳೇ ಹಂಚಿನ ಮನೆ. ನನ್ನ ಅಪ್ಪ ಡ್ರಾಯಿಂಗ್ ಮಾಸ್ಟ್ರಾಗಿದ್ದರು. ಅವರು ಬರೆದ ಒಂದು ಆಯಿಲ್ ಪೇಂಟಿಂಗ್ ಚಾವಡಿಯಲ್ಲಿದೆ. ಯಕ್ಷಗಾನದ ತೆಂಕುತಿಟ್ಟಿನ ಬಣ್ಣದ ವೇಷ, ಅಂದರೆ ರಾಕ್ಷಸನಂಥ ಪಾತ್ರ. 3 ಅಡಿ ಎತ್ತರ, 2 ಅಡಿ ಅಗಲ. ಗಾಜು ಹಾಕಿಲ್ಲ. ಮುಖದ ಚುಟ್ಟಿಯನ್ನು (ಮುಖದ ಮೇಲೆ ಸಾಲಾಗಿ ಇಡುವ ಬಿಳಿ ಉಬ್ಬುಗಳು) ದಪ್ಪ ಬಿಳಿ ಬಣ್ಣದಲ್ಲಿ ಉಬ್ಬುಬ್ಬಾಗಿ ಇಟ್ಟಿದ್ದಾರೆ. ಕಿರೀಟಕ್ಕೆ ಚಿನ್ನದ ಬಣ್ಣ. ಕಾರ್ತಿಕದಲ್ಲಿ ಅಪ್ಪನ ಹತ್ತನೇ ವರ್ಷದ ನೆನಪಿಗೆ ಮನೆಯಲ್ಲೇ ತಾಳಮದ್ದಳೆ ಇಟ್ಟುಕೊಂಡಿದ್ದೇವೆ. ಬಂದವರಿಗೆ ಈ ಚಿತ್ರದ ಪ್ರತಿ ಕೊಡಬೇಕು ಅಂತ ಆಸೆ. 18 ಇಂಚು ಎತ್ತರ, 12 ಇಂಚು ಅಗಲ, ಸುಮಾರು 50 ಪ್ರತಿ. ಅಂಗಳಕ್ಕೆ ತಂದು ನೆರಳಲ್ಲಿಟ್ಟು ಫೋನಿನಲ್ಲಿ ಫೋಟೊ ತೆಗೆದೆ. ವಾಟ್ಸ್ಆ್ಯಪ್‌ನಲ್ಲಿ ಸ್ಟುಡಿಯೋಗೆ ಕಳಿಸಿ ಒಂದು ಪ್ರಿಂಟ್ ಹಾಕಿಸಿದೆ. ಕೆಂಪು ಇಟ್ಟಿಗೆ ಬಣ್ಣ ಆಗಿದೆ. ನೀಲಿ ನೇರಳೆ ಆಗಿದೆ. ಚುಟ್ಟಿಯ ಮೇಲೆಲ್ಲ ಹೊಳಪು. ಕೆಳಗಿನ ಅರ್ಧಕ್ಕೆ ಮಣ್ಣು ಮೆತ್ತಿದ ಹಾಗೆ ಕಾಣುತ್ತದೆ. ಅಮ್ಮ ನೋಡಿ "ಇದು ಅಪ್ಪನದ್ದಲ್ಲ" ಅಂದರು. ನಡು ಮಧ್ಯಾಹ್ನದ ಬಿಸಿಲಲ್ಲಿ ತೆಗೆಯಿರಿ ಅಂತ ಒಬ್ಬರು, ಫ್ಲ್ಯಾಶ್ ಹಾಕಿದರೆ ಬಣ್ಣ ಸುಟ್ಟುಹೋಗುತ್ತದೆ ಅಂತ ಒಬ್ಬರು, ತೆಂಗಿನೆಣ್ಣೆ ಸವರಿದರೆ ಬಣ್ಣ ಎದ್ದು ಕಾಣುತ್ತದೆ ಅಂತ ಇನ್ನೊಬ್ಬರು. ದೊಡ್ಡ ಕ್ಯಾಮರಾದವರನ್ನು ಕರೆಸಲೇ? ಮಂಗಳೂರಿಗೆ ಒಯ್ದು ಸ್ಕ್ಯಾನ್ ಮಾಡಿಸಲೇ?

ಉತ್ತರ: ಎಲ್ಲಕ್ಕಿಂತ ಮೊದಲು ಒಂದು ಮಾತು. ತೆಂಗಿನೆಣ್ಣೆ ಬೇಡ. ಈ ಉತ್ತರದಲ್ಲಿ ಬೇರೆ ಯಾವುದನ್ನು ಮರೆತರೂ ಇದನ್ನು ಮರೆಯಬೇಡಿ. ಚಿತ್ರ ಬರೆಯಲು ಬಳಸುವ ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿ ಪದರ ಆಗುತ್ತದೆ. ತೆಂಗಿನೆಣ್ಣೆ ಹಾಗೆ ಒಣಗುವುದೇ ಇಲ್ಲ. ಜಿಡ್ಡಾಗಿ ಅಲ್ಲೇ ಕೂತು ಧೂಳು ಹಿಡಿಯುತ್ತದೆ, ನಮ್ಮ ಮಳೆಗಾಲದ ತೇವಕ್ಕೆ ಬೂಸ್ಟು ಬರುತ್ತದೆ. ಆಮೇಲೆ ಅದನ್ನು ತೆಗೆಯಲು ಹೋದರೆ ಅಪ್ಪನ ಬಣ್ಣವೂ ಜೊತೆಗೆ ಬರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸುವುದೂ ಬೇಡ. ಮೇಲಿನ ಧೂಳು ತೆಗೆಯಬೇಕಿದ್ದರೆ ಒಣಗಿದ, ಮೆತ್ತನೆಯ, ಹೊಸ ಬ್ರಷ್ಷಿನಿಂದ ತುಂಬಾ ಹಗುರವಾಗಿ. ಎಲ್ಲಾದರೂ ಬಣ್ಣ ಎದ್ದು ಚಕ್ಕೆ ಆಗಿದ್ದರೆ ಆ ಜಾಗವನ್ನು ಬ್ರಷ್ಷಿನಿಂದಲೂ ಮುಟ್ಟಬೇಡಿ.

ಈಗ ಅಮ್ಮನ ಮಾತಿಗೆ ಬರೋಣ. "ಇದು ಅಪ್ಪನದ್ದಲ್ಲ" ಅಂದರಲ್ಲ, ಅವರ ಕಣ್ಣು ಸರಿಯಾಗಿಯೇ ಹೇಳಿದೆ. ಮೂವತ್ತು ವರ್ಷದಿಂದ ಚಿತ್ರಗಳ ಫೋಟೊ ತೆಗೆಯುವುದೇ ನನ್ನ ಕೆಲಸ. ದಿನಾ ಚಿತ್ರದ ಮುಂದೆ ಓಡಾಡಿದವರ ಕಣ್ಣನ್ನು ನಾನು ಯಂತ್ರಕ್ಕಿಂತ ಜಾಸ್ತಿ ನಂಬುತ್ತೇನೆ. ನಿಮ್ಮ ಪ್ರಿಂಟ್‌ನಲ್ಲಿ ಆಗಿರುವುದು ಒಂದು ತಪ್ಪಲ್ಲ, ನಾಲ್ಕು. ನಾಲ್ಕಕ್ಕೂ ಕಾರಣ ಬೇರೆ ಬೇರೆ. ನಾಲ್ಕನ್ನೂ ಕೂಡಿಸಿ "ಫೋನ್ ಸರಿ ಇಲ್ಲ" ಅಂದುಕೊಂಡರೆ ದಾರಿ ತಪ್ಪುತ್ತದೆ.

ಕೆಳಗಿನ ಅರ್ಧದಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದೇ ತಪ್ಪನ್ನು ನಾನೂ ಮಾಡಿದ್ದೇನೆ. ಬಹಳ ವರ್ಷದ ಹಿಂದೆ ಒಂದು ಮನೆಯಲ್ಲಿ ದೊಡ್ಡ ಜಲವರ್ಣ ಚಿತ್ರದ ಫೋಟೊ ತೆಗೆಯಬೇಕಿತ್ತು. ಚಾವಡಿಗೆ ಕಾವಿ ನೆಲ, ಕನ್ನಡಿ ಹಾಗೆ ತಿಕ್ಕಿಟ್ಟಿದ್ದರು. ಹೊರಗಿನ ಬೆಳಕು ಚೆನ್ನಾಗಿತ್ತು, ತೆಗೆದೆ. ಅಚ್ಚಾಗಿ ಬಂದ ಮೇಲೆ ನೋಡಿದರೆ ಚಿತ್ರದ ಕೆಳಗಿನ ಮೂರನೇ ಒಂದು ಭಾಗಕ್ಕೆ ತೆಳು ಕೆಂಪು. ಕಲಾವಿದರು ಅಲ್ಲಿ ಬರೆದದ್ದು ಬೂದು ಬಣ್ಣದ ನೀರು. ಬೆಳಕು ಮೊದಲು ನೆಲಕ್ಕೆ ಬಿದ್ದು, ನೆಲದ ಬಣ್ಣ ಹೊತ್ತುಕೊಂಡು ಚಿತ್ರಕ್ಕೆ ಹೋಗಿತ್ತು. ಅಚ್ಚಾದ ಅಷ್ಟೂ ಪ್ರತಿಗಳನ್ನು ಬಿಟ್ಟು ಹೊಸದಾಗಿ ಹಾಕಿಸಿಕೊಟ್ಟೆ. ಆ ಬೂದು ನೀರು ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ನಿಮ್ಮ ಅಂಗಳದಲ್ಲೂ ಆದದ್ದು ಇದೇ. ಕೆಳಗೆ ಕೆಂಪು ಮಣ್ಣು, ಪಕ್ಕದಲ್ಲಿ ಮುರಕಲ್ಲಿನ ಗೋಡೆ, ಸುತ್ತ ತೋಟದ ಹಸಿರು, ಮೇಲೆ ಆಕಾಶದ ನೀಲಿ. ಅಡಿಕೆ ಮುಚ್ಚುವ ನೀಲಿ ಟಾರ್ಪಾಲ್ ಹತ್ತಿರದಲ್ಲಿದ್ದರೆ ಅದೂ ಸೇರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಇದು ಗೊತ್ತಾಗುವುದಿಲ್ಲ. ಮಿದುಳು ತಾನೇ ಸರಿ ಮಾಡಿಕೊಂಡು "ಬಿಳಿ ಬಿಳಿಯೇ" ಅನ್ನುತ್ತದೆ. ಕ್ಯಾಮರಾ ಬಿದ್ದ ಬೆಳಕನ್ನು ಬಿದ್ದ ಹಾಗೇ ಬರೆದುಕೊಳ್ಳುತ್ತದೆ. ಇಡೀ ಚಿತ್ರಕ್ಕೆ ಒಂದೇ ಬಣ್ಣದ ಛಾಯೆ ಬಿದ್ದಿದ್ದರೆ ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ತೆಗೆಯಬಹುದು. ಮೇಲೆ ನೀಲಿ, ಕೆಳಗೆ ಕೆಂಪು, ಬಲಕ್ಕೆ ಹಸಿರು ಅಂತಾದರೆ ಮೇಲಿನದನ್ನು ಸರಿಮಾಡಿದಾಗ ಕೆಳಗಿನದು ಕೆಡುತ್ತದೆ.

ಇಟ್ಟಿಗೆ ಬಣ್ಣಕ್ಕೆ ಕಾರಣ ಬೇರೆ. ಬಣ್ಣದ ವೇಷ ಅಂದರೆ ಚಿತ್ರದ ತುಂಬಾ ಕೆಂಪು, ಅಲ್ವಾ? ಫೋನಿಗೆ ಅದು ವೇಷ ಅಂತ ಗೊತ್ತಿಲ್ಲ. ಎದುರಿಗೆ ಇಷ್ಟೊಂದು ಕೆಂಪು ಕಂಡರೆ, ಬೆಳಕೇ ಕೆಂಪಗಿದೆ ಅಂದುಕೊಂಡು ತಾನಾಗಿ ಕೆಂಪನ್ನು ಇಳಿಸುತ್ತದೆ. ಇದು ಆಟೋ ವೈಟ್ ಬ್ಯಾಲೆನ್ಸ್ ಮಾಡುವ ಕೆಲಸ. ಆಮೇಲೆ ಸ್ಟುಡಿಯೋದ ಪ್ರಿಂಟಿಂಗ್ ಯಂತ್ರದಲ್ಲೂ ಸಾಮಾನ್ಯವಾಗಿ ಒಂದು ಆಟೋ ಕರೆಕ್ಷನ್ ಇರುತ್ತದೆ. ಮದುವೆ ಫೋಟೊದಲ್ಲಿ ಮುಖ ಚೆನ್ನಾಗಿ ಕಾಣಲಿ ಅಂತ ಇಟ್ಟದ್ದು. ಅದೂ ತನ್ನ ಪಾಲಿನ ಕೆಂಪನ್ನು ತೆಗೆದಿರುತ್ತದೆ. ಎರಡು ಸಲ ಒಗೆದ ಕೆಂಪು ಸೀರೆ ಹೇಗೆ ಉಳಿದೀತು?

ನೀಲಿ ನೇರಳೆ ಆದದ್ದು ಎಲ್ಲಕ್ಕಿಂತ ಕುತೂಹಲದ ವಿಷಯ. ನಿಮ್ಮ ಅಪ್ಪ ಬಳಸಿದ್ದು ಬಹುಶಃ ಅಲ್ಟ್ರಾಮರೀನ್ ಅಥವಾ ಕೋಬಾಲ್ಟ್ ನೀಲಿ. ಈ ಎರಡು ಬಣ್ಣಗಳೂ ನೀಲಿಯ ಜೊತೆಗೆ, ಕೆಂಪಿನ ತುತ್ತತುದಿಯ ಬೆಳಕನ್ನೂ ವಾಪಸು ಕಳಿಸುತ್ತವೆ. ಆ ತುದಿಯ ಕೆಂಪು ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಕ್ಯಾಮರಾದ ಸೆನ್ಸರಿಗೆ ಒಂದಿಷ್ಟು ಕಾಣುತ್ತದೆ. ನೀಲಿಗೆ ಕೆಂಪು ಸೇರಿದರೆ ನೇರಳೆ. ಎಷ್ಟೇ ದುಬಾರಿ ಕ್ಯಾಮರಾದಲ್ಲೂ ಇದು ಸ್ವಲ್ಪ ಇದ್ದೇ ಇರುತ್ತದೆ. ಹಾಗಾಗಿ ಯಾರಾದರೂ "ನನ್ನ ಕ್ಯಾಮರಾದಲ್ಲಿ ಎಲ್ಲ ಬಣ್ಣ ಇದ್ದ ಹಾಗೇ ಬರುತ್ತದೆ" ಅಂದರೆ ಪೂರ್ತಿ ನಂಬಬೇಡಿ. ಮೂಲ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಆ ನೀಲಿಯನ್ನಷ್ಟೇ ಆರಿಸಿ ಕೈಯಿಂದ ತಿದ್ದಬೇಕು. ಬೇರೆ ದಾರಿ ಇಲ್ಲ.

ಬೆಳಕು ಬದಲಾದರೆ ಬಣ್ಣ ಬದಲಾಗುತ್ತದೆ ಅನ್ನುವುದನ್ನು ಯಕ್ಷಗಾನ ನೋಡುವ ನಿಮ್ಮ ಊರಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ದೀವಟಿಗೆ ಬೆಳಕಿನಲ್ಲಿ, ಆಮೇಲೆ ಗ್ಯಾಸ್‌ಲೈಟಿನಲ್ಲಿ ಆಟ ನೋಡಿದ ಹಿರಿಯರು, ಟ್ಯೂಬ್‌ಲೈಟ್ ಬಂದ ಮೇಲೆ ವೇಷದ ಮುಖದ ಕಳೆಯೇ ಹೋಯಿತು ಅನ್ನುತ್ತಾರೆ. ಅದು ಬರೀ ಹಳೇ ಕಾಲದ ಮೋಹ ಅಲ್ಲ. ಬೆಂಕಿಯ ಬೆಳಕಿನಲ್ಲಿ ಕೆಂಪು ಧಾರಾಳವಾಗಿದೆ. ಸಾದಾ ಟ್ಯೂಬ್‌ಲೈಟಿನಲ್ಲಿ ಗಾಢ ಕೆಂಪು ತೀರಾ ಕಡಿಮೆ. ಬೆಳಕಿನಲ್ಲಿ ಇಲ್ಲದ ಕೆಂಪನ್ನು ಮುಖದ ಬಣ್ಣ ಎಲ್ಲಿಂದ ತಂದು ತೋರಿಸೀತು? ಮನೆಯ ಸಾದಾ ಎಲ್‌ಇಡಿ ಬಲ್ಬಿನ ಕಥೆಯೂ ಹೆಚ್ಚುಕಡಿಮೆ ಇದೇ. ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ ಅಂತ ಒಂದು ಅಂಕೆ ಇರುತ್ತದೆ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಳತೆ ಅದು, 100 ಅಂದರೆ ಪೂರ್ತಿ. ಮನೆಯ ಬಲ್ಬುಗಳು ಸಾಮಾನ್ಯವಾಗಿ 80ರ ಆಸುಪಾಸು. ಚಿತ್ರದ ಕೆಲಸಕ್ಕೆ 95ಕ್ಕಿಂತ ಮೇಲೆ ಬೇಕು. ಗಾಢ ಕೆಂಪಿಗೇ ಆರ್9 ಅಂತ ಬೇರೆ ಅಂಕೆ ಇದೆ. ಅದನ್ನು ಬರೆದಿರುವ ದೀಪ ಸಿಕ್ಕರೆ, ಅದು 90 ದಾಟಿದ್ದರೆ, ನಿಮ್ಮ ಚಿತ್ರಕ್ಕೆ ಹೇಳಿ ಮಾಡಿಸಿದ ಹಾಗೆ.

ಬಿಸಿಲು ಮತ್ತು ಫ್ಲ್ಯಾಶ್ ವಿಷಯ ಬೇಗ ಮುಗಿಸುತ್ತೇನೆ. ಬೀಳುವ ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ. ನೇರ ಬಿಸಿಲಿನಲ್ಲಿ ಸುಮಾರು 1 ಲಕ್ಷ ಲಕ್ಸ್ ಬೆಳಕಿರುತ್ತದೆ. ಮ್ಯೂಸಿಯಂಗಳಲ್ಲಿ ತೈಲಚಿತ್ರಕ್ಕೆ 200 ಲಕ್ಸ್ ಆಸುಪಾಸು, ಜಲವರ್ಣಕ್ಕೆ 50 ಲಕ್ಸ್ ಆಸುಪಾಸು ಇಡುವುದು ರೂಢಿ. ಹತ್ತು ನಿಮಿಷಕ್ಕೆ ಬಣ್ಣ ಮಾಸುವುದಿಲ್ಲ ನಿಜ. ಆದರೆ ತಂಪು ಚಾವಡಿಯಿಂದ ಸೀದಾ ಬಿಸಿಲಿಗೆ ತಂದರೆ ಕ್ಯಾನ್ವಾಸ್ ಎಳೆದುಕೊಳ್ಳುತ್ತದೆ, ಹಳೇ ಬಣ್ಣದ ಪದರ ಅಷ್ಟೇ ಬೇಗ ಬಗ್ಗುವುದಿಲ್ಲ, ಬಿರುಕು ಬಿಡಬಹುದು. ಫೋಟೊಗೂ ಲಾಭ ಇಲ್ಲ. ಒಂದೇ ಕಡೆಯ ಬೆಳಕಿಗೆ ಪ್ರತಿ ಚುಟ್ಟಿಗೂ ಒಂದೊಂದು ಕಪ್ಪು ನೆರಳು ಬರುತ್ತದೆ. ಫ್ಲ್ಯಾಶ್‌ನಿಂದ ಬಣ್ಣ ಸುಡುತ್ತದೆ ಅನ್ನುವುದು ಮಾತ್ರ ಸುಳ್ಳು ಭಯ. ಅದರ ಮಿಂಚು ಕಣ್ಣುಮುಚ್ಚಿ ತೆರೆಯುವಷ್ಟು ಹೊತ್ತೂ ಇರುವುದಿಲ್ಲ. ನಾಲ್ಕಾರು ಸಲ ಹೊಡೆದರೆ ಚಿತ್ರಕ್ಕೆ ಏನೂ ಆಗುವುದಿಲ್ಲ. ಫೋನಿಗೆ ಅಂಟಿಕೊಂಡಿರುವ ಫ್ಲ್ಯಾಶ್ ಬೇಡ ಅನ್ನುವುದು ಬೇರೆ ಕಾರಣಕ್ಕೆ. ಅದು ಎದುರಿಂದ ಹೊಡೆದು ಎದುರಿಗೇ ವಾಪಸು ಬರುತ್ತದೆ, ನಡುವೆ ದೊಡ್ಡ ಬಿಳಿ ಕಲೆ. ಸ್ಟುಡಿಯೋದ ದೊಡ್ಡ ಫ್ಲ್ಯಾಶ್‌ಗಳನ್ನು ಎರಡೂ ಪಕ್ಕದಲ್ಲಿ ಇಟ್ಟರೆ ಬಣ್ಣ ತುಂಬಾ ಚೆನ್ನಾಗಿ ಬರುತ್ತದೆ.

ಹಾಗಾದರೆ ಏನು ಮಾಡುವುದು? ನನ್ನ ಸಲಹೆ, ಚಿತ್ರ ಮನೆ ಬಿಟ್ಟು ಹೋಗುವುದು ಬೇಡ. ಕೆಲಸವನ್ನು ರಾತ್ರಿ ಮಾಡಿ, ಚಾವಡಿಯಲ್ಲೇ. ರಾತ್ರಿ ಅಂದರೆ ಆಕಾಶ ಇಲ್ಲ, ತೋಟದ ಹಸಿರು ಇಲ್ಲ, ಅಂಗಳದ ಕೆಂಪು ಇಲ್ಲ. ಮನೆಯ ಎಲ್ಲಾ ದೀಪ ಆರಿಸಿ. ದೇವರ ಕೋಣೆಯ ದೀಪ ಉರಿಯುತ್ತಿದ್ದರೆ ಬಾಗಿಲು ಓರೆ ಮಾಡಿ. ನೆಲಕ್ಕೆ ಕಪ್ಪು ಕಂಬಳಿಯೋ ಚಾದರವೋ ಹಾಸಿ. ಕ್ಯಾಮರಾ ಹಿಂದೆ ನಿಲ್ಲುವವರು ಕಪ್ಪು ಅಥವಾ ಬೂದು ಬಟ್ಟೆ ಹಾಕಿಕೊಳ್ಳಲಿ. ಕೆಂಪು ಶರ್ಟು, ಬಿಳಿ ಪಂಚೆ ಎರಡೂ ಚಿತ್ರದ ಮೇಲೆ ಕಾಣುತ್ತವೆ. ಈಗ ಚಿತ್ರಕ್ಕೆ ನೀವು ಕೊಟ್ಟ ಬೆಳಕು ಬಿಟ್ಟರೆ ಬೇರೆ ಬೆಳಕು ಗೊತ್ತೇ ಇಲ್ಲ. ಅರ್ಧ ಕೆಲಸ ಮುಗಿದ ಹಾಗೆ.

ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ದೀಪ ತನ್ನಿ, ಎರಡೂ 5000ದಿಂದ 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ನಡುವೆ ಇರಲಿ. ಒಂದು ಎಡಕ್ಕೆ, ಒಂದು ಬಲಕ್ಕೆ, ಚಿತ್ರದ ನಡುಮಧ್ಯದ ಎತ್ತರಕ್ಕೆ. ಎರಡೂ ಚಿತ್ರಕ್ಕೆ 45 ಡಿಗ್ರಿ ಓರೆಯಾಗಿ ನೋಡಬೇಕು. ದೂರ ಇಡುವುದು ಮುಖ್ಯ. ಎಲ್ಲರೂ ತಪ್ಪುವುದು ಇಲ್ಲೇ. ಬೆಳಕು ಜಾಸ್ತಿ ಬೀಳಲಿ ಅಂತ ಹತ್ತಿರ ಇಡುತ್ತಾರೆ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. 2 ಅಡಿ ಅಗಲದ ಚಿತ್ರಕ್ಕೆ ದೀಪ ಹತ್ತಿರದ ಅಂಚಿನಿಂದ 3 ಅಡಿಯಲ್ಲಿದ್ದರೆ, ಆಚೆ ಅಂಚಿಗೆ ಸುಮಾರು ನಾಲ್ಕೂವರೆ ಅಡಿ. ಹತ್ತಿರದ ಅಂಚಿಗೆ ಎರಡು ಪಟ್ಟಿಗಿಂತ ಜಾಸ್ತಿ ಬೆಳಕು ಬೀಳುತ್ತದೆ. ಅದೇ ದೀಪವನ್ನು 7 ಅಡಿ ದೂರಕ್ಕೆ ಸರಿಸಿದರೆ ವ್ಯತ್ಯಾಸ ಒಂದೂವರೆ ಪಟ್ಟಿಗೆ ಇಳಿಯುತ್ತದೆ. ಉಳಿದದ್ದನ್ನು ಎದುರು ಬದಿಯ ದೀಪ ತುಂಬುತ್ತದೆ.

ಎರಡೂ ಸಮ ಇದೆಯೇ ಅಂತ ನೋಡಲು ಒಂದು ಪೆನ್ಸಿಲ್ ಸಾಕು. ಚಿತ್ರದ ಜಾಗದಲ್ಲಿ ಒಂದು ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಿ. ಪೆನ್ಸಿಲಿನ ಹಿಂಬದಿಯನ್ನು ಹಾಳೆಯ ನಡುವಿಗೆ ನೆಟ್ಟಗೆ ಒತ್ತಿ ಹಿಡಿಯಿರಿ. ಎರಡು ನೆರಳು ಬೀಳುತ್ತವೆ, ಆಚೆಗೊಂದು ಈಚೆಗೊಂದು, ಚಿಟ್ಟೆಯ ರೆಕ್ಕೆಯ ಹಾಗೆ. ಎರಡೂ ಒಂದೇ ಉದ್ದ, ಒಂದೇ ಕಪ್ಪು ಇರಬೇಕು. ಎಡದ ನೆರಳು ಕಪ್ಪಾಗಿದ್ದರೆ ಬಲಗಡೆಯ ದೀಪ ಜೋರಿದೆ ಅಂತ ಅರ್ಥ, ಅದನ್ನು ಅರ್ಧ ಅಡಿ ಹಿಂದೆ ಸರಿಸಿ. ನಾಲ್ಕು ಮೂಲೆಯಲ್ಲೂ ಹೀಗೇ ನೋಡಿ. ಎಲ್ಲ ಸಮ ಆದ ಮೇಲೆ ಆ ಖಾಲಿ ಥರ್ಮಾಕೋಲಿನದ್ದೂ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಎಲ್ಲಿ ಸ್ವಲ್ಪ ಕತ್ತಲೆ ಉಳಿದಿದೆ ಅಂತ ಅದು ತೋರಿಸುತ್ತದೆ. ಕೆಲಸ ಗೊತ್ತಿದ್ದವರು ಅದನ್ನೇ ಅಳತೆ ಮಾಡಿಕೊಂಡು ಚಿತ್ರದ ಫೋಟೊವನ್ನು ಸರಿಗಟ್ಟಬಲ್ಲರು.

ಈಗ ಚಿತ್ರ ನಿಲ್ಲಿಸಿ. ಗೋಡೆಯ ಮೊಳೆಗೆ ತೂಗುಹಾಕಿದ ಚಿತ್ರ ಸಾಮಾನ್ಯವಾಗಿ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿರುತ್ತದೆ. ಅದಕ್ಕೆ ಎದುರು ಕ್ಯಾಮರಾ ನೆಟ್ಟಗೆ ನಿಂತರೆ ಆಯತ ಹೋಗಿ ಒಂದು ಕಡೆ ಅಗಲ, ಒಂದು ಕಡೆ ಕಿರಿದಾಗುತ್ತದೆ. ಇದಕ್ಕೆ ನಾನು ಬಳಸುವ ಉಪಾಯ ಅಂಗೈ ಅಗಲದ ಒಂದು ಚಪ್ಪಟೆ ಕನ್ನಡಿ. ಚಿತ್ರದ ಚೌಕಟ್ಟಿನ ಎರಡು ಬದಿಗೆ ತಾಗುವ ಹಾಗೆ ಒಂದು ನೇರ ಮರದ ಪಟ್ಟಿ ಅಡ್ಡ ಹಿಡಿಯಬೇಕು. ಪಟ್ಟಿಯ ನಡುವೆ ಕನ್ನಡಿ ಅಂಟಿಸಿರಬೇಕು. ಬಣ್ಣಕ್ಕೆ ಏನೂ ತಾಗಬಾರದು. ಈಗ ಕ್ಯಾಮರಾದಲ್ಲಿ ನೋಡಿ. ಕನ್ನಡಿಯಲ್ಲಿ ನಿಮ್ಮದೇ ಲೆನ್ಸಿನ ಕಪ್ಪು ಕಣ್ಣು ಕಾಣಬೇಕು, ಅದೂ ಫ್ರೇಮಿನ ನಟ್ಟನಡುವೆ. ಸೂರಿನ ಪಕಾಸು ಕಂಡರೆ ಕ್ಯಾಮರಾದ್ದೋ ಚಿತ್ರದ್ದೋ ಓರೆ ಸರಿ ಇಲ್ಲ. ಸ್ಟ್ಯಾಂಡನ್ನು ಚೂರು ಚೂರೇ ಸರಿಸಿ, ಆ ಕಣ್ಣು ನಿಮ್ಮನ್ನೇ ನೋಡುವವರೆಗೆ. ಹತ್ತು ನಿಮಿಷ ಬೇಕಾಗುತ್ತದೆ. ಆದರೆ ಆಮೇಲೆ ಯಾವ ಮೂಲೆಯನ್ನೂ ಕಂಪ್ಯೂಟರಿನಲ್ಲಿ ಎಳೆಯಬೇಕಾಗಿಲ್ಲ.

ಬಣ್ಣದ ಲೆಕ್ಕಕ್ಕೆ ಚಿತ್ರದ ಪಕ್ಕದಲ್ಲಿ ಬಣ್ಣ ಗೊತ್ತಿರುವ ಒಂದು ವಸ್ತು ಇರಲೇಬೇಕು. 24 ಬಣ್ಣದ ಚೌಕಗಳಿರುವ ಕಲರ್ ಚಾರ್ಟ್ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು, ಅದರಿಂದ ನಿಮ್ಮ ದೀಪಕ್ಕೂ ಆ ಕ್ಯಾಮರಾಗೂ ಸರಿಹೊಂದುವ ಪ್ರೊಫೈಲ್, ಅಂದರೆ ಕಂಪ್ಯೂಟರಿಗೆ ಬಣ್ಣ ತಿದ್ದುವ ಲೆಕ್ಕ, ಮಾಡಬಹುದು. ಕೆಂಪಿನ ವಿಷಯದಲ್ಲಿ ಅದು ತುಂಬಾ ಸಹಾಯಕ್ಕೆ ಬರುತ್ತದೆ. ಇಲ್ಲದಿದ್ದರೆ ಬೂದು ಕಾರ್ಡ್ ಸಾಕು. ಬಿಳಿ ಕಾಗದ ಮಾತ್ರ ಇಡಬೇಡಿ. ಕಾಗದ ಬೆಳ್ಳಗೆ ಕಾಣಲಿ ಅಂತ ಅದರಲ್ಲಿ ನೀಲಿ ಹೊಳಪಿನ ರಾಸಾಯನಿಕ ಸೇರಿಸಿರುತ್ತಾರೆ. ಅದನ್ನು ಬಿಳಿ ಅಂದುಕೊಂಡರೆ ಚಿತ್ರ ಹಳದಿಗೆ ತಿರುಗುತ್ತದೆ. ಏನೂ ಸಿಗದಿದ್ದರೆ ನಲ್ಲಿಯ ತಿರುಪಿಗೆ ಸುತ್ತುವ ಬಿಳಿ ಪ್ಲಂಬರ್ ಟೇಪ್ ತಂದು, ಒಂದು ರಟ್ಟಿನ ತುಂಡಿಗೆ ಎಂಟು ಹತ್ತು ಸುತ್ತು ಸುತ್ತಿ ಇಡಿ. ಅಷ್ಟು ಅಗ್ಗದ, ಅಷ್ಟು ನಿಜವಾದ ಬಿಳಿ ಅಂಗಡಿಯಲ್ಲಿ ಬೇರೆ ಸಿಗುವುದಿಲ್ಲ. ವೈಟ್ ಬ್ಯಾಲೆನ್ಸ್ ಅನ್ನು ಅದರ ಮೇಲೆ ಕೈಯಿಂದ ಹೊಂದಿಸಿ, ಆಟೋಗೆ ಬಿಡಬೇಡಿ.

ಫೋನೋ, ದೊಡ್ಡ ಕ್ಯಾಮರಾವೋ? ನೀವು ಅಂದುಕೊಂಡಷ್ಟು ದೊಡ್ಡ ಪ್ರಶ್ನೆ ಅಲ್ಲ ಇದು. ನಿಮಗೆ ಬೇಕಾದದ್ದು 18 ಇಂಚು. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 5400 ಪಿಕ್ಸೆಲ್ ಎತ್ತರ, 3600 ಅಗಲ. ಅಂದರೆ ಸುಮಾರು 19 ಮೆಗಾಪಿಕ್ಸೆಲ್. 24 ಮೆಗಾಪಿಕ್ಸೆಲ್ಲಿನ ಯಾವ ಕ್ಯಾಮರಾದಲ್ಲೂ ಇದು ಬರುತ್ತದೆ. ಫೋನಿನ 12 ಮೆಗಾಪಿಕ್ಸೆಲ್ ಚಿತ್ರಕ್ಕೆ ಇಂಚಿಗೆ 220ರ ಹತ್ತಿರ ಸಿಗುತ್ತದೆ, ಗೋಡೆಗೆ ತೂಗುಹಾಕಿ ನೋಡಲು ಅದೂ ನಡೆಯುತ್ತದೆ. ಮೂಲದಷ್ಟೇ ದೊಡ್ಡದಾಗಿ, 3 ಅಡಿಗೆ, 300ರ ಲೆಕ್ಕದಲ್ಲಿ ಬೇಕು ಅಂದರೆ ಮಾತ್ರ 78 ಮೆಗಾಪಿಕ್ಸೆಲ್ ಬೇಕಾಗುತ್ತದೆ. ಆಗ ತುಂಡು ತುಂಡಾಗಿ ತೆಗೆದು ಜೋಡಿಸಬೇಕು.

ಫೋನಿನ ನಿಜವಾದ ತೊಂದರೆ ಪಿಕ್ಸೆಲ್ ಅಲ್ಲ, ಅದರ ಬುದ್ಧಿವಂತಿಕೆ. ನೀವು ಹೇಳದೆಯೇ ನೆರಳನ್ನು ಬೆಳಗಿಸುತ್ತದೆ, ಗೆರೆಗಳನ್ನು ಚೂಪು ಮಾಡುತ್ತದೆ, ಬಣ್ಣ ಏರಿಸುತ್ತದೆ. ಕುಂಚದ ಮೆತ್ತನೆ ಗುರುತು ಕೊರೆದ ಗೆರೆಯ ಹಾಗೆ ಆಗುತ್ತದೆ. ಫೋನಿನಲ್ಲೇ ಮಾಡುವುದಾದರೆ ಪ್ರೊ ಮೋಡ್‌ಗೆ ಹೋಗಿ ರಾ ಫೈಲ್, ಅಂದರೆ ಫೋನ್ ತಿದ್ದದ ಮೂಲ ಫೈಲ್, ತೆಗೆಯಿರಿ. ಮುಖ್ಯ ಲೆನ್ಸಿನಲ್ಲಿ ಹತ್ತಿರ ನಿಂತು ತೆಗೆಯಬೇಡಿ, ಎರಡು ಪಟ್ಟು ಅಥವಾ ಮೂರು ಪಟ್ಟು ಹತ್ತಿರ ತೋರಿಸುವ ಬೇರೆ ಲೆನ್ಸ್ ಇದ್ದರೆ ಅದರಲ್ಲಿ, ದೂರದಿಂದ. ಫೋನನ್ನು ಸ್ಟ್ಯಾಂಡಿಗೆ ಕಟ್ಟಿ ಟೈಮರ್ ಇಡಿ.

ಸಾಧ್ಯವಿದ್ದರೆ ಮದುವೆ ಫೋಟೊ ತೆಗೆಯುವ ನಿಮ್ಮ ಊರಿನ ಹುಡುಗರಲ್ಲಿ ಒಬ್ಬರನ್ನು ಒಂದು ಸಂಜೆ ಕರೆಸಿ. ಕ್ಯಾಮರಾ, ಲೆನ್ಸ್, ಸ್ಟ್ಯಾಂಡ್ ಅವರಲ್ಲಿ ಚೆನ್ನಾಗಿಯೇ ಇರುತ್ತವೆ. 50ರಿಂದ 100 ಮಿಲಿಮೀಟರ್ ನಡುವಿನ ಲೆನ್ಸ್, ಐಎಸ್‌ಒ 100, ಅಪರ್ಚರ್ ಎಫ್/8, ರಾ ಫೈಲ್. ಎಲ್‌ಇಡಿ ದೀಪವಾದರೆ ಶಟರ್ ಸೆಕೆಂಡಿನ 50ನೇ ಒಂದು ಅಥವಾ ಅದಕ್ಕಿಂತ ನಿಧಾನ ಇರಲಿ. ನಮ್ಮ ಕರೆಂಟಿಗೆ ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರ್ ವೇಗ ಜಾಸ್ತಿ ಆದರೆ ಪಟ್ಟೆ ಬೀಳುತ್ತದೆ. ಎರಡು ವಿಷಯ ಮೊದಲೇ ಹೇಳಿಬಿಡಿ. ಟಚಪ್ ಬೇಡ, ಕ್ಯಾಮರಾದಿಂದ ಬಂದ ಫೈಲ್ ಹಾಗೇ ಬೇಕು. ಇನ್ನೊಂದು, ಅವರು ಮುಖಗಳಿಗೆ ಬಳಸುವ ದೊಡ್ಡ ಸಾಫ್ಟ್‌ಬಾಕ್ಸ್ ಬೇಡ. ಮೆತ್ತನೆ ಬೆಳಕು ಮುಖಕ್ಕೆ ಚೆಂದ. ಆದರೆ ಆಯಿಲ್ ಪೇಂಟಿಂಗ್‌ನಲ್ಲಿ ದೀಪ ದೊಡ್ಡದಾದಷ್ಟೂ ಅದರ ಹೊಳಪು ಜಾಸ್ತಿ ಜಾಗಕ್ಕೆ ಹರಡುತ್ತದೆ.

ಉಳಿದದ್ದು ಚುಟ್ಟಿಯ ಹೊಳಪು. ನಿಮ್ಮ ಚಿತ್ರದ ಕಷ್ಟವೂ ಅದೇ, ಚೆಲುವೂ ಅದೇ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಗಂಟೆಗಟ್ಟಲೆ ಒಂದೊಂದೇ ಚುಟ್ಟಿ ಇಡುವ ಹಾಗೆ, ನಿಮ್ಮ ಅಪ್ಪ ಬಣ್ಣದಲ್ಲಿ ಇಟ್ಟಿದ್ದಾರೆ. ಒಂದೊಂದು ಉಬ್ಬೂ ಒಂದೊಂದು ಪುಟ್ಟ ಗುಡ್ಡ. ಗುಡ್ಡ ಅಂದ ಮೇಲೆ ಯಾವುದೋ ಒಂದು ಮಗ್ಗುಲು ದೀಪವನ್ನು ಸೀದಾ ಲೆನ್ಸಿಗೆ ತೋರಿಸಿಯೇ ತೋರಿಸುತ್ತದೆ. ಚಪ್ಪಟೆ ಚಿತ್ರಕ್ಕೆ 45 ಡಿಗ್ರಿ ಸಾಕು, ಇಲ್ಲಿ ಸಾಕಾಗುವುದಿಲ್ಲ. ದೀಪಗಳನ್ನು ಇನ್ನಷ್ಟು ಪಕ್ಕಕ್ಕೆ ಸರಿಸಿದರೆ ಹೊಳಪು ಕಡಿಮೆ ಆಗುತ್ತದೆ, ಆದರೆ ನೆರಳು ಉದ್ದ ಆಗುತ್ತದೆ.

ಪೂರ್ತಿ ಹೊಳಪು ತೆಗೆಯುವ ಉಪಾಯವೂ ಇದೆ. ಎರಡೂ ದೀಪದ ಮುಂದೆ ಒಂದೇ ದಿಕ್ಕಿಗೆ ಪೋಲರೈಸಿಂಗ್ ಹಾಳೆ (ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ), ಲೆನ್ಸಿಗೆ ಅದೇ ಕೆಲಸದ ಪೋಲರೈಸರ್ ಫಿಲ್ಟರ್. ಫಿಲ್ಟರನ್ನು ತಿರುಗಿಸುತ್ತಾ ಹೋದರೆ ಒಂದು ಕಡೆ ಹೊಳಪು ಮಾಯ. ಬಣ್ಣ ನೀರಲ್ಲಿ ಅದ್ದಿದ ಹಾಗೆ ಗಾಢ ಆಗುತ್ತದೆ. ತೆಂಗಿನೆಣ್ಣೆ ಸವರಲು ಹೇಳಿದವರು ಬಯಸಿದ್ದೂ ಈ ಗಾಢತೆಯನ್ನೇ. ಆದರೆ ಇದಕ್ಕೂ ಬೆಲೆ ಇದೆ. ಹೊಳಪಿನ ಜೊತೆಗೆ ಉಬ್ಬೂ ಹೋಗುತ್ತದೆ, ಚುಟ್ಟಿ ಗೋಡೆಗೆ ಬಳಿದ ಸುಣ್ಣದ ಹಾಗೆ ಚಪ್ಪಟೆ ಕಾಣುತ್ತದೆ. ಕಿರೀಟದ ಚಿನ್ನದ ಬಣ್ಣದ ಗತಿ ಇನ್ನೂ ಕೆಟ್ಟದು. ಲೋಹದ ಪುಡಿ ಇರುವ ಬಣ್ಣಕ್ಕೆ ಹೊಳಪೇ ಜೀವ. ಹೊಳಪು ತೆಗೆದರೆ ಅದು ಕಂದು, ಕೆಲವೊಮ್ಮೆ ಕಪ್ಪು. ಬೇಗಡೆ ಕಿತ್ತ ಕಿರೀಟದ ಹಾಗೆ ಕಾಣುತ್ತದೆ.

ಹಾಗಾಗಿ ಎರಡು ಫೋಟೊ ತೆಗೆಯಿಸಿ. ಕ್ಯಾಮರಾ ಕೂದಲೆಳೆಯಷ್ಟೂ ಅಲುಗಬಾರದು. ಒಂದು, ಪೋಲರೈಸರ್‌ನಿಂದ ಹೊಳಪು ತೆಗೆದದ್ದು. ಇನ್ನೊಂದು, ಫಿಲ್ಟರನ್ನು ಸ್ವಲ್ಪ ಹಿಂದೆ ತಿರುಗಿಸಿ ಒಂದಿಷ್ಟು ಹೊಳಪು ಉಳಿಸಿದ್ದು. ಆಮೇಲೆ ಒಂದರ ಮೇಲೊಂದು ಇಟ್ಟು, ಕಿರೀಟವನ್ನೂ ಚುಟ್ಟಿಯನ್ನೂ ಎರಡನೆಯದರಿಂದ, ಉಳಿದದ್ದನ್ನು ಮೊದಲನೆಯದರಿಂದ ತೆಗೆದುಕೊಳ್ಳುವುದು. ಫೋಟೊಶಾಪ್ ಗೊತ್ತಿರುವ ಯಾರಿಗಾದರೂ ಇದು ಒಂದು ಮಧ್ಯಾಹ್ನದ ಕೆಲಸ. ಪೋಲರೈಸಿಂಗ್ ಹಾಳೆ ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ದೀಪವನ್ನು ಪಕ್ಕಕ್ಕೆ ಸರಿಸಿ ಅರ್ಧ ಹೊಳಪು ಕಡಿಮೆ ಮಾಡಿ, ಉಳಿದದ್ದು ಇರಲಿ. ಅಮ್ಮ ದಿನಾ ನೋಡಿದ್ದೂ ಹೊಳೆಯುವ ಚುಟ್ಟಿಯನ್ನೇ ಅಲ್ವಾ?

ಮಂಗಳೂರಿಗೆ ಒಯ್ಯುವ ವಿಷಯ. ಮೇಜಿನ ಮೇಲೆ ಮಗುಚಿಟ್ಟು ಮಾಡುವ ಸ್ಕ್ಯಾನಿಂಗ್ ನಿಮ್ಮ ಚಿತ್ರಕ್ಕೆ ಬೇಡವೇ ಬೇಡ. ಚಪ್ಪಟೆ ಜಲವರ್ಣಕ್ಕೆ, ಪೆನ್ಸಿಲ್ ಚಿತ್ರಕ್ಕೆ ಅದು ಬಹಳ ಒಳ್ಳೆಯದು. ಉಬ್ಬು ಬಣ್ಣ ಗಾಜಿಗೆ ಒತ್ತಿದರೆ ಚುಟ್ಟಿ ಕಿತ್ತುಬರಬಹುದು. ಚಿತ್ರಕ್ಕೆ ಏನೂ ತಾಗದ ಹಾಗೆ ಮೇಲಿಂದ ಸ್ಕ್ಯಾನ್ ಮಾಡುವ ದೊಡ್ಡ ಯಂತ್ರಗಳೂ ಇವೆ, ಫಲಿತಾಂಶ ತುಂಬಾ ಚೆನ್ನಾಗಿರುತ್ತದೆ. ಆದರೆ ಮಳೆಗಾಲದಲ್ಲಿ ಹೆದ್ದಾರಿಯ ಕುಲುಕಾಟಕ್ಕೆ, ತೇವಕ್ಕೆ ಹಳೇ ಕ್ಯಾನ್ವಾಸನ್ನು ಒಡ್ಡುವುದು 18 ಇಂಚಿನ ಪ್ರತಿಗಾಗಿ ಬೇಕೇ? ನನ್ನ ಮನಸ್ಸು ಒಪ್ಪುವುದಿಲ್ಲ. ಫೋಟೊವನ್ನೂ ಮಳೆ ಬಿಟ್ಟ ಮೇಲೆ ತೆಗೆಯಿರಿ. ಮಳೆಗಾಲದಲ್ಲಿ ಕ್ಯಾನ್ವಾಸ್ ಜೋಲಾಗಿ ನಡುವೆ ಹೊಟ್ಟೆ ಬಿಟ್ಟಿರುತ್ತದೆ. ಅದನ್ನು ಬಿಗಿ ಮಾಡಲು ಹಿಂದಿನ ಮೂಲೆಯ ಬೆಣೆಗಳನ್ನು ಬಡಿಯಲು ಹೋಗಬೇಡಿ. ನವರಾತ್ರಿ ಹೊತ್ತಿಗೆ ಒಣಹವೆ ಬಂದರೆ ಅದೇ ಎಷ್ಟೋ ಬಿಗಿಯಾಗುತ್ತದೆ. ಕಾರ್ತಿಕಕ್ಕೆ ಅಷ್ಟು ದಿನ ಸಾಕು.

ಪ್ರಿಂಟಿಂಗ್ ಬಗ್ಗೆ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ಶುರು ಮಾಡಿದಾಗ ಚಿತ್ರಗಳನ್ನು ಕಲ್ಲಚ್ಚಿನಲ್ಲಿ ಹಾಕುತ್ತಿದ್ದರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಯಾವುದೋ ಒಂದು ಕೆಂಪು ಸಾಲದು ಅನ್ನಿಸಿದರೆ ಇನ್ನೊಂದು ಕಲ್ಲು ಸೇರಿಸಬಹುದಿತ್ತು. ಪುಸ್ತಕ, ಕರೆಯೋಲೆ ಅಚ್ಚು ಹಾಕುವ ಇವತ್ತಿನ ಆಫ್‌ಸೆಟ್‌ನಲ್ಲಿ ಸಾಮಾನ್ಯವಾಗಿ ಇರುವುದು ನಾಲ್ಕೇ ಶಾಯಿ. ಗಾಢ ಅಲ್ಟ್ರಾಮರೀನ್ ನೀಲಿ, ಉರಿಯುವ ಕೇಸರಿ, ಎಳೆ ಹಸಿರು, ಇವು ಆ ನಾಲ್ಕರಲ್ಲಿ ಪೂರ್ತಿ ಬರುವುದಿಲ್ಲ. ಫೋಟೊ ಎಷ್ಟೇ ಸರಿ ಇದ್ದರೂ ಬರುವುದಿಲ್ಲ. 8ರಿಂದ 12 ಪಿಗ್ಮೆಂಟ್ ಶಾಯಿ ಬಳಸುವ ಇಂಕ್‌ಜೆಟ್ ಪ್ರಿಂಟರ್‌ಗಳು ಅದಕ್ಕಿಂತ ಹೆಚ್ಚು ಬಣ್ಣ ಕೊಡುತ್ತವೆ. 50 ಪ್ರತಿಗೆ ಆಫ್‌ಸೆಟ್ ಬೇಕಾಗಿಯೂ ಇಲ್ಲ. ಇಂಕ್‌ಜೆಟ್‌ಗೇ ಹೋಗಿ. ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಬೇಡಿ, ಅದು ಪಿಕ್ಸೆಲ್‌ಗಳನ್ನು ಕತ್ತರಿಸಿ ಕುಗ್ಗಿಸುತ್ತದೆ. ಪೆನ್‌ಡ್ರೈವಿನಲ್ಲಿ ಕೊಡಿ, ಯಂತ್ರದ ಆಟೋ ಕರೆಕ್ಷನ್ ಆಫ್ ಮಾಡಲು ಹೇಳಿ. ಬಣ್ಣವನ್ನು ಫೋನಿನ ಪರದೆ ನೋಡಿ ತೀರ್ಮಾನ ಮಾಡಬೇಡಿ, ಬಹಳಷ್ಟು ಫೋನುಗಳು ಬಣ್ಣವನ್ನು ಏರಿಸಿಯೇ ತೋರಿಸುತ್ತವೆ.

ಮೊದಲೇ 50 ಹಾಕಿಸಬೇಡಿ. ಮುಖದ ಒಂದು ಭಾಗ, ಕಿರೀಟದ ತುದಿ, ಸ್ವಲ್ಪ ನೀಲಿ, ಇಷ್ಟು ಬರುವ ಹಾಗೆ ನಾಲ್ಕು ಇಂಚಿನ ಒಂದು ಪಟ್ಟಿ ಮಾತ್ರ ಹಾಕಿಸಿ ಮನೆಗೆ ತನ್ನಿ. ಹಗಲು, ಬಿಸಿಲು ನೇರ ಬೀಳದ ಕಿಟಕಿಯ ಹತ್ತಿರ, ಮೂಲ ಚಿತ್ರದ ಪಕ್ಕ ಹಿಡಿದು ಅಮ್ಮನಿಗೆ ತೋರಿಸಿ. ಕೆಂಪು ಇನ್ನೂ ಸಾಲದು ಅಂತ ಅವರು ಅಂದರೆ, ಪ್ರಿಂಟರ್ ಅವರಿಗೆ "ಸ್ವಲ್ಪ ಕೆಂಪು ಜಾಸ್ತಿ ಮಾಡಿ" ಅಂತ ಮಾತ್ರ ಹೇಳಬೇಡಿ. ಅವರು ಇಡೀ ಚಿತ್ರಕ್ಕೆ ಕೆಂಪು ಏರಿಸುತ್ತಾರೆ, ಚುಟ್ಟಿ ಗುಲಾಬಿ ಆಗುತ್ತದೆ. ಫೈಲನ್ನು ವಾಪಸು ತಂದು, ಆ ಕೆಂಪು ಇರುವ ಜಾಗವನ್ನಷ್ಟೇ ಆರಿಸಿ ತಿದ್ದಿಸಿ, ಇನ್ನೊಂದು ಪಟ್ಟಿ ಹಾಕಿಸಿ. ಎರಡೋ ಮೂರೋ ಪಟ್ಟಿ ಬೇಕಾಗಬಹುದು. ಚುಟ್ಟಿ ಬೆಳ್ಳಗೇ ಇದ್ದು, ಅದರ ಪಕ್ಕದ ಕೆಂಪನ್ನು ನೋಡಿ ಅಮ್ಮ ಹೂಂ ಅಂದ ಮೇಲೆ 50ಕ್ಕೆ ಆರ್ಡರ್ ಕೊಡಿ.